ತಿಪ್ಪೆಗೂ ಒಬ್ಬ ಒಡೆಯ

ನಮ್ಮ ಮನೆಯ ಎಡಮಗ್ಗುಲಿಗೆ ಒಂದು ಖಾಲಿ ನಿವೇಶನವಿದೆ. ೩೦ ಅಡಿ ಅಗಲ, ೪೦ ಅಡಿ ಉದ್ದ. ದಾಖಲೆಗಳಲ್ಲಿ ಅದು 'ಖಾಲಿ' ಎಂದೇ ನಮೂದಾಗಿರಬೇಕು. ಕಣ್ಣಿನಿಂದ ಕಂಡವರಾರೂ ಅದನ್ನು ಹಾಗೆ ಕರೆಯಲಾರರು. ಆಳೆತ್ತರ ಬೆಳೆದ ಕಾಂಗ್ರೆಸ್ ಗಿಡ, ಯಾರೋ ಮನೆ ಕೆಡವಿ ರಾತ್ರೋರಾತ್ರಿ ಸುರಿದುಹೋದ ಇಟ್ಟಿಗೆಯ ಚೂರು, ಹತ್ತಿ ಕಿತ್ತುಬಂದ ಹಾಸಿಗೆ, ಎಳನೀರಿನ ಬುರುಡೆಗಳು, ಒಂದು ಹಳೆಯ ಟೈರು, ಇವೆಲ್ಲದರ ಮೇಲೆ ಬೀದಿನಾಯಿಗಳ ಸಾರ್ವಭೌಮತ್ವ—ಇಷ್ಟೂ ಅಲ್ಲಿದೆ. ಈ ನಿವೇಶನವನ್ನು ಕುರಿತು ಕಳೆದ ಆರು ವರ್ಷಗಳಲ್ಲಿ ನಾನು ಅಧಿಕಾರಿಗಳಿಗೆ ಹನ್ನೊಂದು ಅರ್ಜಿ ಬರೆದಿದ್ದೇನೆ. ಒಂದೊಂದರ ನಕಲನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. 'ನಾಗರಿಕ ಪ್ರಜ್ಞೆ', 'ಬೇಜವಾಬ್ದಾರಿ', 'ಕಠಿಣ ಕ್ರಮ' ಮೊದಲಾದ ಮಾತುಗಳು ಅವುಗಳಲ್ಲಿ ಧಾರಾಳವಾಗಿ ಬಂದಿವೆ. ಆಗಾಗ ಅವನ್ನು ತೆಗೆದು ಓದಿಕೊಂಡಾಗ ನನಗೇ ನನ್ನ ಮೇಲೆ ಗೌರವ ಹುಟ್ಟುತ್ತಿತ್ತು.

ಹೋದ ಮಳೆಗಾಲದಲ್ಲಿ ಒಂದು ಸಂಜೆ ದೂರವಾಣಿ ಕರೆ ಬಂತು. ಊರಿನ ಇನ್ನೊಂದು ಕೊನೆಯ ಬಡಾವಣೆಯಿಂದ ಮಾತನಾಡುತ್ತಿದ್ದವರು ಒಬ್ಬ ನಿವೃತ್ತ ಉಪಾಧ್ಯಾಯರು.

"ರಾಯರೇ, ನಮ್ಮ ಮನೆಯ ಪಕ್ಕದ ಹದಿನೆಂಟನೆಯ ನಂಬರು ಸೈಟು ತಮ್ಮದಲ್ಲವೇ?" ಎಂದರು.

ಕೊಳ್ಳುವವರಿರಬೇಕೆಂದು ಭಾವಿಸಿ, ದನಿಯನ್ನು ಸ್ವಲ್ಪ ಬಿಗಿ ಮಾಡಿಕೊಂಡು, ಹೌದೆಂದೆ.

"ನಮ್ಮ ಮೊಮ್ಮಗನಿಗೆ ಡೆಂಗಿ ಜ್ವರ. ಆಸ್ಪತ್ರೆಯಲ್ಲಿದ್ದಾನೆ. ತಮ್ಮ ಸೈಟಿನಿಂದಲೇ ಬಂತೆಂದು ನಾನು ಹೇಳುವುದಿಲ್ಲ, ಸ್ವಾಮಿ. ಒಂದು ಸಲ ಬಂದು ನೋಡಿಕೊಂಡು ಹೋಗಿ, ಅಷ್ಟೆ."

ಆ ನಿವೇಶನವನ್ನು ನಾನು ಕೊಂಡು ಬಹಳ ಕಾಲವಾಗಿತ್ತು. ಮಗಳ ಮದುವೆಗೋ ಮುಪ್ಪಿಗೋ ಆದೀತೆಂದು ಕೊಂಡದ್ದು. ಎರಡಕ್ಕೂ ಬೇಕಾಗದೆ ಉಳಿದುಕೊಂಡಿತು. ಕಂದಾಯವನ್ನು ತಪ್ಪದೆ ಕಟ್ಟಿದ್ದೆ. ಆದರೆ ಅಲ್ಲಿಗೆ ಕಾಲಿಟ್ಟು ಹತ್ತು ವರ್ಷ ಕಳೆದಿತ್ತು. ಮರುದಿನ ಹೋಗಿ ನೋಡಿದರೆ, ನಮ್ಮ ಮನೆಯ ಪಕ್ಕದ ನಿವೇಶನವೇ ನನಗಿಂತ ಮೊದಲು ಬಸ್ಸು ಹತ್ತಿ ಬಂದು ಅಲ್ಲಿ ಕುಳಿತಂತಿತ್ತು. ಅದೇ ಗಿಡ, ಅದೇ ಇಟ್ಟಿಗೆಚೂರು, ಅದೇ ಬುರುಡೆ. ಟೈರುಗಳು ಮಾತ್ರ ಒಂದರ ಬದಲು ಮೂರು.

ಆ ರಾತ್ರಿ ನಾನು ಕಾನೂನಿನ ಪುಸ್ತಕಗಳನ್ನು ಹುಡುಕತೊಡಗಿದೆ. ಜ್ಞಾನಾರ್ಜನೆಯ ಉದ್ದೇಶವೇನೂ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಖಾಲಿ ನೆಲದ ಒಡೆಯನ ಮೇಲೆ ಇಂತಹ ಹೊಣೆ ಇಲ್ಲವೆಂದು ಎಲ್ಲಾದರೂ ಬರೆದಿದ್ದೀತೆ ಎಂಬುದಷ್ಟೇ ನನ್ನ ಆಸೆ. ಹುಡುಕುತ್ತ ಹೋದಂತೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗಬೇಕಾಯಿತು. ನನ್ನ ಪಕ್ಷಕ್ಕೆ ಯಾರೂ ಬರಲಿಲ್ಲ. ಬಂದವರೆಲ್ಲ ಆ ಉಪಾಧ್ಯಾಯರ ಕಡೆಗೇ ನಿಂತರು.

ಮೊದಲನೆಯ ಸಾಕ್ಷಿ ಹುಟ್ಟಿದ್ದು ಎಲ್ಲೋ, ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿ. ೧೯೦೫ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಂದು ತಾಳೆಗರಿಯ ಕಟ್ಟನ್ನು ತಂದುಕೊಟ್ಟರು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಹೆಸರು ಮಾತ್ರ ಉಳಿದು ಗ್ರಂಥ ಕಳೆದುಹೋಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಇದೇ ಎಂದು ಗುರುತಿಸಿದರು. ೧೯೦೯ರಲ್ಲಿ ಮೂಲ ಅಚ್ಚಾಯಿತು, ೧೯೧೫ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಹೊರಬಂತು. ಅರ್ಥಶಾಸ್ತ್ರವೆಂದರೆ ಗೂಢಚಾರರು, ವಿಷಪ್ರಯೋಗ, ರಾಜತಂತ್ರ ಎಂದೇ ನಮಗೆ ಪರಿಚಯ. ಅದರಲ್ಲಿ ಕಸದ ವಿಚಾರವೂ ಇದೆಯೆಂಬುದು ಅಷ್ಟಾಗಿ ತಿಳಿದಿಲ್ಲ.

ನಗರದ ಮೇಲ್ವಿಚಾರಕನಾದ ನಾಗರಿಕನ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ ಕೌಟಿಲ್ಯ ದಂಡದ ಪಟ್ಟಿಯನ್ನೇ ಕೊಡುತ್ತಾನೆ. ಬೀದಿಯಲ್ಲಿ ಮಣ್ಣು ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗ. ಕೆಸರುನೀರು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ. ಅದೇ ತಪ್ಪು ರಾಜಮಾರ್ಗದಲ್ಲಾದರೆ ಎರಡರಷ್ಟು. ಸತ್ತ ಬೆಕ್ಕು, ನಾಯಿ, ಮುಂಗುಸಿ, ಹಾವುಗಳನ್ನು ಊರೊಳಗೆ ಎಸೆದರೆ ೩ ಪಣ. ಕತ್ತೆ, ಒಂಟೆ, ಕುದುರೆ, ದನಗಳಾದರೆ ೬ ಪಣ. ಮನುಷ್ಯನ ಹೆಣವಾದರೆ ೫೦ ಪಣ. ದೇವಸ್ಥಾನ, ನೀರಿನ ಠಾವು ಮೊದಲಾದೆಡೆ ಮಲಮೂತ್ರ ವಿಸರ್ಜನೆ ಮಾಡಿದವನಿಗೂ ದಂಡ ಉಂಟು. ಆದರೆ ಔಷಧಿಯಿಂದಲೋ ರೋಗದಿಂದಲೋ ಭಯದಿಂದಲೋ ಹಾಗಾದರೆ ದಂಡವಿಲ್ಲ. ನಿಷ್ಠುರನೆಂದು ಹೆಸರಾದ ಕೌಟಿಲ್ಯನಿಗೂ ಹೊಟ್ಟೆ ಕೆಟ್ಟವನ ಸಂಕಟ ತಿಳಿದಿತ್ತು.

ದಂಡದ ಪಟ್ಟಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಏರ್ಪಾಡುಗಳು. ನಗರದಲ್ಲಿ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳಿಗೆ ಒಬ್ಬೊಬ್ಬ ಗೋಪನಿರಬೇಕು. ಆ ಮನೆಗಳವರ ಹೆಸರು, ಕಸುಬು, ಆದಾಯ, ವೆಚ್ಚ ಎಲ್ಲವೂ ಅವನಿಗೆ ತಿಳಿದಿರಬೇಕು. ಇದು ಒಂದು. ಮನೆಯನ್ನಾಗಲಿ ನೆಲವನ್ನಾಗಲಿ ಮಾರುವಾಗ ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಅನಂತರ ಸಾಲ ಕೊಟ್ಟವರಿಗೆ. ಮಾರಾಟವನ್ನು ಆ ಮನೆಯ ಎದುರಿನಲ್ಲೇ ನಲವತ್ತು ನೆರೆಮನೆಯವರ ಸಮಕ್ಷಮದಲ್ಲಿ ಸಾರಿ ಹೇಳಬೇಕು. ಇದು ಇನ್ನೊಂದು. ಶಾಸ್ತ್ರದಲ್ಲಿ ಬರೆದದ್ದೆಲ್ಲ ಬೀದಿಯಲ್ಲಿ ನಡೆಯಿತೆಂದು ತಿಳಿಯಬೇಕಾಗಿಲ್ಲ. ಆದರೂ ಶಾಸ್ತ್ರಕಾರನ ಮನಸ್ಸಿನಲ್ಲಿದ್ದ ಊರು ಯಾವುದೆಂಬುದು ಇದರಿಂದ ತಿಳಿಯುತ್ತದೆ. ಅದರಲ್ಲಿ ನೆಲದ ಒಡೆಯ ಯಾರೆಂಬುದು ನೆರೆಯವನಿಗೆ ಗೊತ್ತು; ಒಡೆಯನಿಗೂ ನೆರೆಯವನ ಮುಖ ಗೊತ್ತು. ಎಂಟನೆಯ ಒಂದು ಪಣದ ದಂಡ ಅಲ್ಲಿ ಸಾಕಾಗಿದ್ದರೆ ಆಶ್ಚರ್ಯವಿಲ್ಲ. ಹಣಕ್ಕಿಂತ ಹೆಚ್ಚಾಗಿ ಮುಖಭಂಗವೇ ಶಿಕ್ಷೆ.

ಇದನ್ನು ಓದುತ್ತಿರುವಾಗ ನನಗೆ ನಮ್ಮ ಹಳ್ಳಿಯ ತಿಪ್ಪೆಗಳ ನೆನಪಾಯಿತು. ಪಟ್ಟಣದಲ್ಲಿ ತಿಪ್ಪೆಯೆಂದರೆ ಬೈಗುಳ. ಹಳ್ಳಿಯಲ್ಲಿ ಅದು ಆಸ್ತಿ. ಸಗಣಿ, ಬೂದಿ, ತರಗು, ಕೊಟ್ಟಿಗೆಯ ಗಂಜಲ ಎಲ್ಲ ಅಲ್ಲಿ ಕೊಳೆತು ಬೇಸಗೆಯ ಕೊನೆಗೆ ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಯಾವ ತಿಪ್ಪೆ ಯಾರದೆಂಬುದು ಊರಿನ ಹುಡುಗರಿಗೆಲ್ಲ ಗೊತ್ತು. ಒಬ್ಬರ ತಿಪ್ಪೆಯಿಂದ ಇನ್ನೊಬ್ಬರು ಒಂದು ಮಂಕರಿ ಗೊಬ್ಬರ ತೆಗೆದರೆ ಜಗಳವಾಗುತ್ತಿತ್ತು. ತಿಪ್ಪೆ ಹೋಗಿ ಉಪ್ಪರಿಗೆಯಾಯಿತು ಎಂಬ ಗಾದೆ ಅಂತಹ ಊರಿನಲ್ಲಿ ಹುಟ್ಟಿದ್ದು. ಪಟ್ಟಣಕ್ಕೆ ಬಂದಾಗ ತಿಪ್ಪೆಗೆ ಹೊಲ ಇಲ್ಲವಾಯಿತು, ಗಾಡಿ ಇಲ್ಲವಾಯಿತು. ಕೊಳೆಯುವ ವಸ್ತುವಿನ ಜಾಗಕ್ಕೆ ಎಂದೂ ಕೊಳೆಯದ ವಸ್ತು ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ತಿಪ್ಪೆಗೆ ಒಡೆಯನಿಲ್ಲವಾದ.

ಬೆಂಗಳೂರಿನಲ್ಲಿ ಈ ಒಡೆಯನ ಜಾಗವನ್ನು ತುಂಬಲು ಹೊರಟದ್ದು ಪುರಸಭೆ. ೧೮೬೨ರಲ್ಲಿ ಪೇಟೆಗೆ ಒಂದು, ದಂಡಿಗೆ ಒಂದು ಹೀಗೆ ಎರಡು ಮಂಡಲಿಗಳು ಏರ್ಪಟ್ಟವು. ೧೯೪೯ರಲ್ಲಿ ಎರಡೂ ಕೂಡಿ ಕಾರ್ಪೊರೇಷನ್ ಆಯಿತು. ೨೦೦೭ರಲ್ಲಿ ಸುತ್ತಲ ಊರುಗಳೂ ಸೇರಿ ಬೃಹತ್ ಮಹಾನಗರ ಪಾಲಿಕೆಯಾಯಿತು. ೨೦೨೫ರಲ್ಲಿ ಅದು ಐದು ಪಾಲಿಕೆಗಳಾಗಿ ಹಂಚಿಹೋಯಿತು. ಮಂಡಲಿಯ ಹೆಸರು ಬದಲಾದಾಗಲೆಲ್ಲ ಅರ್ಜಿಯ ವಿಳಾಸ ಬದಲಾಗುತ್ತದೆ. ನಿವೇಶನ ಇದ್ದಲ್ಲೇ ಇರುತ್ತದೆ.

ಅದೇ ಕಾಲಕ್ಕೆ ದೇಶಕ್ಕೆಲ್ಲ ಒಂದು ದಂಡಸಂಹಿತೆ ಬಂತು. ೧೮೬೦ರ ಆ ಸಂಹಿತೆ ಸಾರ್ವಜನಿಕ ಉಪದ್ರವವೆಂದರೇನೆಂಬುದನ್ನು ೨೬೮ನೆಯ ಕಲಮಿನಲ್ಲಿ ವಿವರಿಸಿತು. ನನ್ನಂತಹವರನ್ನು ಹಿಡಿಯುವ ಕೊಕ್ಕೆ ಅದರಲ್ಲೇ ಇತ್ತು. ನೆರೆಹೊರೆಯವರಿಗೆ ಹಾನಿಯೋ ಅಪಾಯವೋ ಕಿರುಕುಳವೋ ಆಗುವಂತಹ ಕೆಲಸವನ್ನು ಮಾಡುವುದು ಮಾತ್ರವಲ್ಲ, ಕಾನೂನಿನಂತೆ ಮಾಡಬೇಕಾದದ್ದನ್ನು ಮಾಡದೆ ಬಿಡುವುದೂ ಅಪರಾಧವೇ. 'ನಾನೇನೂ ಮಾಡಲಿಲ್ಲವಲ್ಲ' ಎನ್ನುವವನಿಗೆ ಕಾನೂನಿನ ಉತ್ತರ, 'ಅದೇ ನಿನ್ನ ತಪ್ಪು' ಎಂದು. ಇದಕ್ಕೆ ಗೊತ್ತುಮಾಡಿದ ಜುಲ್ಮಾನೆಯ ಮಿತಿ ೨೦೦ ರೂಪಾಯಿ. ೧೮೬೦ರಲ್ಲಿ ಸಣ್ಣ ನೌಕರನೊಬ್ಬ ತಿಂಗಳುಗಟ್ಟಲೆ ದುಡಿದರೂ ಕೈಗೆ ಹತ್ತದಿದ್ದ ಮೊತ್ತ ಅದು. ಆದರೆ ಆ ಮಿತಿ ನೂರ ಅರವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅಲುಗಾಡದೆ ಕುಳಿತಿತ್ತು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ೧,೦೦೦ ರೂಪಾಯಿಗೆ ಏರಿತು. ಅಷ್ಟರೊಳಗೆ ನೆಲದ ಬೆಲೆ ಎಲ್ಲಿಗೆ ಏರಿತೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ನಿಂತ ನೀರಿಗೂ ರೋಗಕ್ಕೂ ಇರುವ ನಂಟನ್ನು ಲೋಕ ತಿಳಿದುಕೊಂಡ ಕಥೆಯಲ್ಲಿಯೂ ಬೆಂಗಳೂರಿನ ಪಾತ್ರವಿದೆ. ೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯ ದಂಡಿನಲ್ಲಿ ಕೆಲಸಕ್ಕೆ ಬಂದ. ಅವನ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತ. ಕಿಟಕಿಯ ಹೊರಗಿಟ್ಟಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳು ಓಡಾಡುತ್ತಿರುವುದನ್ನು ಕಂಡು ತೊಟ್ಟಿಯನ್ನು ಮಗುಚಿದ, ಕಾಟ ತಗ್ಗಿತು. ಇದೇ ರೀತಿ ಎಲ್ಲ ಕಡೆಯ ತೊಟ್ಟಿಗಳನ್ನೂ ಬರಿದು ಮಾಡಿಸಬಹುದಲ್ಲವೆ ಎಂದು ಅಲ್ಲಿನ ಸೇನಾಧಿಕಾರಿಯೊಬ್ಬನಿಗೆ ಸೂಚಿಸಿದರೆ, ಅದು ಸೃಷ್ಟಿಯ ನಿಯಮವನ್ನು ಕೆಡಿಸಿದಂತಾದೀತೆಂದು ಆತ ತಳ್ಳಿಹಾಕಿದನಂತೆ. ರಾಸನೇ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾನೆ. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆಯೆಂಬುದು ಆಗ ಅವನಿಗೂ ತಿಳಿಯದು. ಮುಂದೆ ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಾಣುವನ್ನು ಕಂಡು, ೧೯೦೨ರಲ್ಲಿ ನೊಬೆಲ್ ಬಹುಮಾನ ಪಡೆದವನು ಇದೇ ರಾಸ್. ಆ ಸೇನಾಧಿಕಾರಿಯ ಉತ್ತರಕ್ಕೆ ನಾನು ಬಹಳ ಹೊತ್ತು ನಕ್ಕೆ. ನನ್ನ ಮೂರು ಟೈರುಗಳ ನೆನಪಾದ ಮೇಲೆ ನಗು ನಿಂತಿತು. ಮಳೆ ಬಂದರೆ ನೀರು ನಿಲ್ಲುತ್ತದೆ, ಅದು ಸೃಷ್ಟಿನಿಯಮ. ನಾನೇನು ಮಾಡಲಿ ಎಂಬುದೇ ಹತ್ತು ವರ್ಷಗಳಿಂದ ನನ್ನ ನಿಲುವೂ ಆಗಿರಲಿಲ್ಲವೆ?

ಮರುವರ್ಷವೇ ಬೆಂಗಳೂರು ಬೆಲೆ ತೆರಬೇಕಾಯಿತು. ೧೮೯೮ರ ಆಗಸ್ಟಿನಲ್ಲಿ ಊರಿಗೆ ಪ್ಲೇಗು ಕಾಲಿಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ ಅದು. ಮನೆಗಳನ್ನು ತೆರವು ಮಾಡಿಸಿ, ಬಿಸಿಲು ಗಾಳಿ ಬರಲೆಂದು ಹೆಂಚು ತೆಗೆಸಿ, ಜನರನ್ನು ಊರಾಚೆಯ ಗುಡಿಸಲುಗಳಿಗೆ ಕಳುಹಿಸಿದರು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದು ವೈದ್ಯಲೋಕದಲ್ಲಿ ಇನ್ನೂ ಸ್ಥಿರಪಟ್ಟಿರಲಿಲ್ಲ. ಆದರೆ ಇಲಿ ಬಿದ್ದರೆ ಮನೆ ಬಿಡಬೇಕೆಂಬುದು ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಕಸವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಸಾವು ಎಂಬ ಪಾಠವನ್ನು ಆ ವರ್ಷಗಳು ಕಲಿಸಿದಷ್ಟು ಕ್ರೂರವಾಗಿ ಬೇರೆ ಯಾವ ಕಾಲವೂ ಕಲಿಸಲಿಲ್ಲ.

ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಚುರುಕಾಗಿ ಬೆಳೆದವು. ನೇರವಾದ ಅಗಲ ರಸ್ತೆ, ಮನೆಯ ಸುತ್ತ ಬಯಲು, ಹಿಂದುಗಡೆ ಒಂದು ಕಿರುಓಣಿ. ಮೈಸೂರಿನಲ್ಲಿ ೧೯೦೩ರಲ್ಲಿಯೇ ನಗರಾಭಿವೃದ್ಧಿ ಮಂಡಲಿಯೊಂದು ಹುಟ್ಟಿಕೊಂಡಿತು. ಮನೆ ಮನೆಯ ನಡುವೆ ಖಾಲಿ ಜಾಗ ಬಿಡುವುದೇ ಆರೋಗ್ಯವೆಂಬ ತತ್ತ್ವ ಆಗ ನಿಯಮವಾಯಿತು. ಖಾಲಿ ಜಾಗ ರೋಗಕ್ಕೆ ಮದ್ದೆಂದು ತಿಳಿದ ಜನ, ಮುಂದೆ ಅದೇ ರೋಗದ ತೊಟ್ಟಿಲಾದೀತೆಂದು ಊಹಿಸಿರಲಾರರು.

ಹಿಂದುಗಡೆಯ ಆ ಓಣಿಯ ವಿಷಯವಾಗಿ ಎರಡು ಮಾತು ಹೇಳಲೇಬೇಕು. ಕನ್ಸರ್ವೆನ್ಸಿ ಓಣಿ ಎಂದು ಅದರ ಹೆಸರು. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸುಗಳ ಮಲವನ್ನು ಹೊತ್ತೊಯ್ಯುವವರು ಬಂದುಹೋಗಲು ಮಾಡಿದ ದಾರಿ. ಊರಿನ ಶುಚಿಯನ್ನು ತಲೆಯ ಮೇಲೆ ಹೊತ್ತವರು ಊರಿನ ಕಣ್ಣಿಗೆ ಬೀಳದೆ ನಡೆದುಹೋಗಲೆಂಬ ಏರ್ಪಾಡು. ೧೯೭೦ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಆ ಅಮಾನುಷ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಓಣಿಗಳು ಮಾತ್ರ ಉಳಿದವು. ಉಪಯೋಗ ಹೋಗಿ, ಯಾರ ಹೊಣೆಯೂ ಅಲ್ಲದ ನೆಲವಾಗಿ, ಹಲವೆಡೆ ಅವೂ ಕಸದ ಕುಪ್ಪೆಗಳಾದವು. ನಮ್ಮ ನಿಯಮಗಳೆಲ್ಲದರ ಅಡಿಯಲ್ಲಿ ಹೇಳದೆ ಉಳಿದ ಒಂದು ಭಾವನೆ ಇದ್ದೇ ಇದೆ—ಕಸ ಮಾಡುವವನು ಒಬ್ಬ, ತೆಗೆಯುವವನು ಇನ್ನೊಬ್ಬ, ಆ ಇನ್ನೊಬ್ಬನ ಮುಖ ನಾವು ನೋಡಬೇಕಾಗಿಲ್ಲ ಎಂದು.

ಈ ಭಾವನೆಯನ್ನೇ ತಲೆಕೆಳಗು ಮಾಡಲು ಯತ್ನಿಸಿದವರೊಬ್ಬರ ಕಥೆ ನಮ್ಮ ನಾಡಿನದಲ್ಲ, ಇಂದೂರಿನದು; ಆದರೂ ಇಲ್ಲಿ ಹೇಳತಕ್ಕದ್ದು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಮೊದಲು ಜೀವವಿಜ್ಞಾನಿ, ಆಮೇಲೆ ನಗರಯೋಜನೆಯ ಆಚಾರ್ಯ. ೧೯೧೭ರಲ್ಲಿ ಇಂದೂರು ಸಂಸ್ಥಾನಕ್ಕೆ ಅವರನ್ನು ಕರೆಸಿಕೊಂಡಾಗ ಊರಿನಲ್ಲಿ ಪ್ಲೇಗಿತ್ತು. ಗೆಡ್ಡೆಸ್ ಜುಲ್ಮಾನೆಯ ಮಾತೆತ್ತಲಿಲ್ಲ. ದೀಪಾವಳಿಗೆ ಒಂದು ದೊಡ್ಡ ಮೆರವಣಿಗೆ ನಡೆಯುವುದೆಂದೂ, ಅದು ರೂಢಿಯ ಬೀದಿಗಳಲ್ಲಿ ಹೋಗದೆ ಯಾವ ಬೀದಿಯವರು ಮನೆ ಅಂಗಳಗಳನ್ನು ಹೆಚ್ಚು ಚೊಕ್ಕಟ ಮಾಡಿರುತ್ತಾರೋ ಆ ಬೀದಿಗಳಲ್ಲೇ ಹೋಗುವುದೆಂದೂ ಸಾರಿಸಿದರು. ಕಸವನ್ನು ಬಿಟ್ಟಿಯಾಗಿ ಸಾಗಿಸಿಕೊಡುವ ಏರ್ಪಾಡಾಯಿತು. ಊರಿಗೆ ಊರೇ ಗುಡಿಸಲು ನಿಂತಿತು; ಸಾವಿರಾರು ಗಾಡಿ ಕಸ ಹೊರಬಿತ್ತು. ಮೆರವಣಿಗೆಯ ದಿನ ಪ್ಲೇಗಿನ ಇಲಿಯ ದೊಡ್ಡ ಬೊಂಬೆ ಬಂತು, ಹೊಸ ಊರಿನ ಲಕ್ಷ್ಮಿ ಬಂದಳು. ಬಿಳಿಯ ಬಟ್ಟೆ ತೊಟ್ಟು ಹಾರ ಹಾಕಿಕೊಂಡು ಹೊಸ ಪೊರಕೆ ಹಿಡಿದ ಜಾಡಮಾಲಿಗಳೂ ನಡುಬೀದಿಯಲ್ಲಿ ನಡೆದುಬಂದರು. ಹಿಂದಿನ ಓಣಿಯಿಂದ ಮುಂದಿನ ಬೀದಿಗೆ ಅವರು ಬಂದದ್ದು ಆ ಒಂದು ದಿನ.

ಒಂದು ದಿನ ಎಂಬುದೇ ಅದರ ಮಿತಿ. ಮೆರವಣಿಗೆ ಮುಗಿದ ಮೇಲೆ ವರ್ಷದಲ್ಲಿ ಇನ್ನು ಮುನ್ನೂರ ಅರವತ್ತನಾಲ್ಕು ದಿನಗಳಿರುತ್ತವೆ. ಆದರೂ ದಂಡದಿಂದ ಆಗದ ಕೆಲಸ ಮರ್ಯಾದೆಯ ಆಸೆಯಿಂದ ಆಗಬಹುದೆಂದು ಗೆಡ್ಡೆಸ್ ತೋರಿಸಿಕೊಟ್ಟರು. ಕೌಟಿಲ್ಯ ಮುಖಭಂಗವನ್ನು ಮುಂದಿಟ್ಟ. ಗೆಡ್ಡೆಸ್ ಮುಖದ ಕಳೆಯನ್ನು ಮುಂದಿಟ್ಟರು. ಎರಡಕ್ಕೂ ಬೇಕಾದದ್ದು ಒಂದೇ: ಊರವರಿಗೆ ಕಾಣುವ ಮುಖ.

ಈಚಿನ ಕಾಲದಲ್ಲಿ ಇಲ್ಲವಾದದ್ದು ಆ ಮುಖವೇ. ೧೯೪೫ರಲ್ಲಿ ಬೆಂಗಳೂರಿಗೂ ನಗರಾಭಿವೃದ್ಧಿ ಮಂಡಲಿ ಬಂತು. ೧೯೭೬ರಲ್ಲಿ ಅದರ ಜಾಗಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂತು. ಹಂಚಿಕೆಯಾದ ನಿವೇಶನದಲ್ಲಿ ಗೊತ್ತಾದ ಅವಧಿಯೊಳಗೆ ಮನೆ ಕಟ್ಟಬೇಕೆಂಬ ಷರತ್ತನ್ನು ಕಾಗದದಲ್ಲಿ ಸೇರಿಸಿದರು. ನಿವೇಶನವಿರುವುದು ವಾಸಕ್ಕೆ, ವ್ಯಾಪಾರಕ್ಕಲ್ಲ ಎಂಬುದು ಅದರ ತಾತ್ಪರ್ಯ. 'ನಿವೇಶನ'ವೆಂಬ ಮಾತಿಗೂ ನೆಲೆಸುವ ತಾಣವೆಂದೇ ಅರ್ಥ. ನಾವು ಮಾತನ್ನು ಇಟ್ಟುಕೊಂಡು ಅರ್ಥವನ್ನು ಮಾರಿಕೊಂಡೆವು. ಬೆಲೆ ಏರಲೆಂದು ಕೊಂಡು ಬಿಟ್ಟ ನೆಲಕ್ಕೆ ಒಡೆಯನಿದ್ದಾನೆ, ಆದರೆ ಅಲ್ಲಿಲ್ಲ. ಅವನು ಇನ್ನೊಂದು ಬಡಾವಣೆಯಲ್ಲಿದ್ದಾನೆ, ಇನ್ನೊಂದು ಊರಿನಲ್ಲಿದ್ದಾನೆ, ಸಮುದ್ರದಾಚೆ ಇದ್ದಾನೆ.

ಅವನ ಜಾಗದಲ್ಲಿ ಬೇರೆಯವರು ನೆಲೆಸಿದರು. ಪಾರ್ಥೇನಿಯಂ ಎಂಬ ಅಮೆರಿಕ ಖಂಡದ ಕಳೆ ೧೯೫೬ರ ಹೊತ್ತಿಗೆ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು, ಕಾಂಗ್ರೆಸ್ ಗಿಡವೆಂಬ ಹೆಸರು ಹೊತ್ತು ನಮ್ಮ ಖಾಲಿ ನೆಲಗಳನ್ನೆಲ್ಲ ಹಿಡಿಯಿತು. ಅದರ ಪರಾಗದಿಂದ ಉಬ್ಬಸ, ಮುಟ್ಟಿದರೆ ಮೈ ನವೆ. ೧೯೭೫ರಲ್ಲಿ ಕರ್ನಾಟಕ ಅದನ್ನು ಹಾನಿಕರ ಕಳೆಯೆಂದು ಸಾರಿತು. ೧೯೮೪ರಲ್ಲಿ ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ತರಿಸಿ ಬೆಂಗಳೂರಿನಲ್ಲಿ ಬಿಟ್ಟರು. ಒಡೆಯ ಬರುವ ಬದಲು ಜೀರುಂಡೆ ಬಂತು. ಅದು ತನ್ನ ಕೈಲಾದಷ್ಟು ತಿನ್ನುತ್ತಿದೆ.

ಒಡೆಯ ದೂರವಿರುವುದಕ್ಕೆ ಅವನ ಸೋಮಾರಿತನವೊಂದೇ ಕಾರಣವಲ್ಲ. ಭಯವೂ ಉಂಟು. ೧೯೬೩ರ ಕಾಲಮಿತಿ ಕಾಯಿದೆಯಂತೆ, ಇನ್ನೊಬ್ಬ ನಿಮ್ಮ ನೆಲವನ್ನು ತನ್ನದೆಂದು ಬಹಿರಂಗವಾಗಿ ಹನ್ನೆರಡು ವರ್ಷ ಅನುಭವಿಸಿಬಿಟ್ಟರೆ ನಿಮ್ಮ ಹಕ್ಕೇ ಕರಗಿಹೋಗಬಹುದು. ಆದ್ದರಿಂದ ಪಕ್ಕದವನು ನಾಲ್ಕು ಸೊಪ್ಪಿನ ಗಿಡ ಹಾಕುತ್ತೇನೆಂದರೂ ನಮಗೆ ಎದೆ ಡವಗುಟ್ಟುತ್ತದೆ. ಸೊಪ್ಪು ಬೆಳೆಯುವುದಕ್ಕಿಂತ ಕಳೆ ಬೆಳೆಯುವುದು ಕ್ಷೇಮ ಎನಿಸುತ್ತದೆ. ಕಳೆ ನ್ಯಾಯಾಲಯಕ್ಕೆ ಹೋಗುವುದಿಲ್ಲ. ನಾನೇ ಹಿಂದೊಮ್ಮೆ ಅದೇ ಉಪಾಧ್ಯಾಯರಿಗೆ ಈ ಕಾರಣದಿಂದ 'ಬೇಡಿ' ಎಂದಿದ್ದೆ. ಅವರು ಅದನ್ನು ಮರೆತಿದ್ದರೋ, ನೆನಪಿದ್ದೂ ಆಡಲಿಲ್ಲವೋ ತಿಳಿಯದು.

ಒಡೆಯ ಮಾಡದಿದ್ದರೆ ಪೌರಸಂಸ್ಥೆಯಾದರೂ ಮಾಡಬೇಕಲ್ಲವೆ ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಬಂದದ್ದು ಮಧ್ಯಪ್ರದೇಶದ ರತ್ಲಾಮಿನಿಂದ. ಅಲ್ಲಿನ ಒಂದು ಬೀದಿಯ ನಿವಾಸಿಗಳು ತೆರೆದ ಚರಂಡಿ, ಕೊಳಚೆ, ಸೊಳ್ಳೆಗಳ ಕಾಟ ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಪುರಸಭೆ, ತನ್ನಲ್ಲಿ ಹಣವಿಲ್ಲವೆಂದಿತು. ಕೊಳಚೆಯಿದೆಯೆಂದು ಗೊತ್ತಿದ್ದೂ ಅಲ್ಲಿ ಮನೆ ಮಾಡಿದ್ದು ಇವರದೇ ತಪ್ಪೆಂದೂ ಹೇಳಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು.೧೯೮೦ರ ಜುಲೈ ೨೯ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪು ಕೊಟ್ಟು, ಹಣವಿಲ್ಲವೆಂಬ ನೆಪದಿಂದ ಪೌರಸಂಸ್ಥೆ ತನ್ನ ಮೂಲಕರ್ತವ್ಯದಿಂದ ತಪ್ಪಿಸಿಕೊಳ್ಳಲಾಗದೆಂದು ಹೇಳಿದರು. ಉಪದ್ರವದ ಕಾನೂನು ಬಡಬೀದಿಯ ಜನರ ಕೈಗೂ ಒಂದು ಆಯುಧವಾದದ್ದು ಹೀಗೆ. ನನ್ನ ಹನ್ನೊಂದು ಅರ್ಜಿಗಳಲ್ಲಿ ಈ ತೀರ್ಪನ್ನು ಮೂರು ಕಡೆ ಉದಾಹರಿಸಿದ್ದೆ. ಅದರ ಇನ್ನೊಂದು ಅಲಗು ನನ್ನ ಕಡೆಗೇ ತಿರುಗಿದೆಯೆಂದು ಹೊಳೆದಿರಲಿಲ್ಲ.

೨೦೨೪ರಲ್ಲಿ ಡೆಂಗಿ ವಿಪರೀತವಾದಾಗ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಪಟ್ಟಣಗಳಲ್ಲಿ ವಾಸದ ಮನೆಗೆ ೪೦೦ ರೂಪಾಯಿ. ಅಂಗಡಿ ಹೋಟೆಲು ಮೊದಲಾದವಕ್ಕೆ ೧,೦೦೦. ಖಾಲಿ ನಿವೇಶನ ಮತ್ತು ಕಟ್ಟಡ ಕಟ್ಟುವ ಜಾಗಗಳಿಗೆ ೨,೦೦೦. ಹಳ್ಳಿಗಳಲ್ಲಿ ಇದರ ಅರ್ಧ. ವಾಸದ ಮನೆಗಿಂತ ಖಾಲಿ ಜಾಗಕ್ಕೆ ಐದರಷ್ಟು ದಂಡವೆಂಬುದನ್ನು ವಾಚಕರು ಗಮನಿಸಬೇಕು. ಯಾರೂ ಇಲ್ಲದ ಕಡೆಯೇ ಹೆಚ್ಚು ಅಪಾಯವೆಂಬುದನ್ನು ಕಾನೂನು ಕೊನೆಗೂ ಕಂಡುಕೊಂಡಿತು. ಡೆಂಗಿಯನ್ನು ಹರಡುವ ಸೊಳ್ಳೆಗೆ ಕೆರೆ ಬೇಕಾಗಿಲ್ಲ, ಒಂದು ಬುರುಡೆಯ ತಿಳಿನೀರು ಸಾಕು. ಅದರ ಮೊಟ್ಟೆ ಒಣಗಿದ ಟೈರಿನಲ್ಲಿ ತಿಂಗಳುಗಟ್ಟಲೆ ಕಾದಿದ್ದು, ಮಳೆ ಬಿದ್ದ ಮೇಲೆ ಒಂದು ವಾರ ಹತ್ತು ದಿನಗಳಲ್ಲಿ ರೆಕ್ಕೆ ಪಡೆಯುತ್ತದೆ. ಅದು ಹೆಚ್ಚು ದೂರ ಹಾರುವುದೂ ಇಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದ ಕೆಲವು ನೂರು ಗಜಗಳೊಳಗೇ ಅದರ ಬದುಕು. ನನ್ನ ನೆಲದ ಸುತ್ತಣ ನೆರೆಹೊರೆಯನ್ನು ನನಗಿಂತ ಅದು ಚೆನ್ನಾಗಿ ಬಲ್ಲದು.

ಆ ಹುಡುಗ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಏಳು ವರ್ಷದ ಮಗು. ನಾನು ನೋಡಹೋದಾಗ ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತು, ಕಡ್ಡಿಯಂತಾಗಿದ್ದ ಕೈಯಲ್ಲಿ ಮೋಸಂಬಿಯ ತೊಳೆ ಬಿಡಿಸುತ್ತಿದ್ದ. ನನ್ನ ಟೈರಿನ ಸೊಳ್ಳೆಯೇ ಅವನನ್ನು ಕಚ್ಚಿತೆಂದು ಯಾರೂ ರುಜುವಾತು ಮಾಡಲಾರರು. ಸೊಳ್ಳೆಯನ್ನು ಸಾಕ್ಷಿಗೆ ಕರೆಯಲಾಗದು. ಕಾನೂನಿನ ಪುಸ್ತಕಗಳಲ್ಲಿ ನಾನು ಮೊದಲು ಹುಡುಕಹೊರಟದ್ದೂ ಇಂತಹದೇ ಒಂದು ಆಸರೆಯನ್ನು. ಆ ಮಗುವಿನ ಎದುರು ಕುಳಿತಾಗ ಅದನ್ನು ಹಿಡಿದುಕೊಳ್ಳುವ ಮನಸ್ಸಾಗಲಿಲ್ಲ.

ಇಬ್ಬರು ಆಳುಗಳನ್ನು ಹಚ್ಚಿ ಎರಡು ದಿನಗಳಲ್ಲಿ ನಿವೇಶನವನ್ನು ಹಸನು ಮಾಡಿಸಿದೆ. ಎರಡು ಲಾರಿ ಇಟ್ಟಿಗೆಚೂರು ಹೊರಟಿತು. ಕಳೆಯನ್ನು ಹೂ ಬಿಡುವ ಮೊದಲೇ ಕೀಳಬೇಕೆಂದೂ ಕೈಗೆ ಚೀಲ ಹಾಕಿಕೊಳ್ಳಬೇಕೆಂದೂ ಉಪಾಧ್ಯಾಯರೇ ನಿಂತು ಹೇಳಿಕೊಟ್ಟರು. ಆಮೇಲೆ ವಕೀಲ ಮಿತ್ರರೊಬ್ಬರನ್ನು ಕೇಳಿ ಒಂದು ಪುಟದ ಕಾಗದ ಬರೆದೆ. ನೆಲ ನನ್ನದು, ನನ್ನ ಅನುಮತಿಯಿಂದ ಅವರು ಅಲ್ಲಿ ಸೊಪ್ಪು ತರಕಾರಿ ಬೆಳೆದುಕೊಳ್ಳಬಹುದು, ನಾನು ಕೇಳಿದಾಗ ಬಿಟ್ಟುಕೊಡಬೇಕು ಎಂದು ಅದರ ಸಾರ. ಅನುಮತಿ ಪಡೆದು ಅನುಭವಿಸುವವನಿಗೆ ಹನ್ನೆರಡು ವರ್ಷದ ಕಾಯಿದೆ ಅನ್ವಯಿಸದಂತೆ. ಇಷ್ಟು ದಿನ ನಾನು ಹೆದರಿದ್ದಕ್ಕೆ ಮದ್ದು ಒಂದು ಹಾಳೆಯಷ್ಟಿತ್ತು. ಉಪಾಧ್ಯಾಯರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಒಂದು ಕಡೆ ಕಾಗುಣಿತ ತಿದ್ದಿ, ರುಜು ಹಾಕಿದರು.

ಇನ್ನು ನಮ್ಮ ಮನೆಯ ಪಕ್ಕದ ನಿವೇಶನದ ಮಾತು. ಹನ್ನೆರಡನೆಯ ಅರ್ಜಿಯನ್ನು ಬರೆಯಲು ಕುಳಿತವನು ಅರ್ಧಕ್ಕೆ ನಿಲ್ಲಿಸಿದೆ. ಆರು ವರ್ಷಗಳಲ್ಲಿ ಅದರ ಒಡೆಯ ಯಾರೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಮೂಲೆಯ ಅಂಗಡಿಯವರನ್ನು ಕೇಳಿದರೆ ಒಂದೇ ಮಾತಿಗೆ ಹೇಳಿಬಿಟ್ಟರು. ಆತ ಹೊರದೇಶದಲ್ಲಿದ್ದಾರೆ; ವಯಸ್ಸಾದ ತಾಯಿ ಮೂರು ಬೀದಿಗಳಾಚೆಯೇ ಇದ್ದಾರೆ. 'ಕಠಿಣ ಕ್ರಮ'ದ ಕಾಗದವನ್ನು ಮಡಿಸಿಟ್ಟು ಆ ತಾಯಿಯವರ ಮನೆಗೆ ಹೋಗಿ ಬಾಗಿಲು ತಟ್ಟಿದೆ. ಏನು ಬಂದಿರಿ ಎಂದು ಕೇಳಿದರು. "ನಿಮ್ಮ ಸೈಟು ನಮ್ಮ ಪಕ್ಕದ್ದಲ್ಲವೇ, ಅಮ್ಮ? ಒಂದು ಸಲ ಬಂದು ನೋಡಿಕೊಂಡು ಹೋಗಿ, ಅಷ್ಟೆ," ಎಂದೆ.